ಮಗಳಿಗೊಂದು ಪತ್ರ: ಆನೆಗೆ ಮರಿ, ಎಮ್ಮೆಗೆ ಕರು

ಮರಿ,

ನಿಮ್ಮ ಭಾನುವಾರದ ಕನ್ನಡ ಶಾಲೆಗೆ ನೀನು ಮಾಡುತ್ತಿರುವ ಚಿತ್ರಚೀಟಿಗಳ ಪಟ್ಟಿ ತಲುಪಿತು. 24 ಚೀಟಿಗಳಲ್ಲಿ 5 ತಿದ್ದಬೇಕು: ಆನೆ ಕರು, ಎಮ್ಮೆ ಮರಿ, ಕುದುರೆ ಕರು, ತಿಮಿಂಗಿಲದ ಕರು, ಕಪ್ಪೆ ಮರಿ. ಉಳಿದವು ಬಹುಮಟ್ಟಿಗೆ ಸರಿ, ಕೆಲವಕ್ಕೆ ಅಕ್ಷರವೋ ಅರ್ಥವೋ ಚಿತ್ರವೋ ಆಚೀಚೆ ಆಗಬೇಕು ಅಷ್ಟೆ. ತಿದ್ದಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ‘ಯಾಕೆ ಅಂತ ಮಕ್ಕಳು ಕೇಳಿದರೆ ಏನು ಹೇಳಲಿ’ ಎಂದು ಬರೆದಿದ್ದೀಯಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಮುಖ್ಯ ಮಾತು. ಕನ್ನಡದಲ್ಲಿ ಕರು ಅಂದರೆ ಹಸುವಿನದು, ಎಮ್ಮೆಯದು. ಅಲ್ಲಿಗೆ ಮುಗಿಯಿತು. ನಾಯಿ, ಬೆಕ್ಕು, ಕುರಿ, ಮೇಕೆ, ಹಂದಿ, ಕುದುರೆ, ಕತ್ತೆ, ಆನೆ, ಹುಲಿ, ಕೋತಿ, ಮೊಲ, ಕೋಳಿ, ಗಿಳಿ, ಹಾವು, ಮೊಸಳೆ, ಮೀನು ಎಲ್ಲಕ್ಕೂ ಮರಿ. ಗಡಿಯ ಮೇಲೆ ನಿಂತಿರುವುದು ಕಾಟಿ, ಅಂದರೆ ಕಾಡುಕೋಣ, ಒಂದೇ. ದನದ ಜಾತಿಗೆ ಸೇರಿದ್ದು ಅಂತ ಅದರದ್ದನ್ನು ಕರು ಎನ್ನುವವರಿದ್ದಾರೆ, ಕಾಡುಪ್ರಾಣಿ ಅಂತ ಮರಿ ಎನ್ನುವವರೂ ಇದ್ದಾರೆ. ಎರಡೂ ನಡೆಯುತ್ತದೆ. ಆದರೆ ‘ಎಮ್ಮೆ ಮರಿ’ ಅಂದರೆ ಹಳ್ಳಿಯಲ್ಲಿ ಯಾರಾದರೂ ನಕ್ಕುಬಿಡುತ್ತಾರೆ. ತಪ್ಪು ಅಂತಲ್ಲ, ಎಮ್ಮೆಯನ್ನೇ ನೋಡದವರ ಮಾತು ಅಂತ.

ನಿನ್ನ ಆನೆ, ತಿಮಿಂಗಿಲ ಎರಡಕ್ಕೂ ಕರು ಅಂಟಿಕೊಂಡದ್ದು ಇಂಗ್ಲಿಷಿನಿಂದ. ಅವರು ಹಸು, ಆನೆ, ತಿಮಿಂಗಿಲ ಮೂರರದ್ದಕ್ಕೂ ‘ಕಾಫ್’ ಎನ್ನುತ್ತಾರೆ. ನಿಘಂಟಿನಲ್ಲಿ ಆ ಪದದ ಎದುರು ಮೊದಲು ಕಾಣುವುದು ‘ಕರು’. ಅದನ್ನೇ ಎತ್ತಿ ಎಲ್ಲ ಕಡೆ ಇಟ್ಟರೆ ತಿಮಿಂಗಿಲವೂ ಕೊಟ್ಟಿಗೆಗೆ ಬಂದುಬಿಡುತ್ತದೆ. ಕುದುರೆಗೆ ಅವರಲ್ಲೂ ಬೇರೆಯೇ ಪದ ಇದೆ, ಅದು ಕರುವಾದದ್ದು ಹೇಗೋ ನನಗೆ ತಿಳಿಯಲಿಲ್ಲ. ಗೊರಸಿದೆ ಅಂತ ಇರಬೇಕು. ಗೊರಸು ಇದಕ್ಕೆ ಅಳತೆಯಲ್ಲ. ಕುರಿ, ಜಿಂಕೆ, ಹಂದಿಗೂ ಗೊರಸಿದೆ, ಅವುಗಳದ್ದೆಲ್ಲ ಮರಿಯೇ.

ಹಾಗಂತ ಆನೆಗೆ ಕರು ಎನ್ನುವುದು ದ್ರಾವಿಡ ನುಡಿಗಳಲ್ಲಿ ಎಲ್ಲೂ ಇಲ್ಲದ್ದೇನೂ ಅಲ್ಲ. ತಮಿಳಿನ ಹಳೆಯ ವ್ಯಾಕರಣವಾದ ತೊಲ್ಕಾಪ್ಪಿಯಂನಲ್ಲಿ ಎಳೆಯ ಜೀವಿಗಳಿಗೆ ಒಂಬತ್ತು ಹೆಸರು ಪಟ್ಟಿ ಮಾಡಿ, ಯಾವುದು ಯಾವುದಕ್ಕೆ ಸಲ್ಲುತ್ತದೆ ಎಂದು ಹಂಚಿದ್ದಾರೆ. ಅದರಲ್ಲಿ ನಮ್ಮ ಕರುವಿನ ಒಡಹುಟ್ಟಾದ ‘ಕನ್ಱು’ ಹಸುವಿಗೆ ಮಾತ್ರವಲ್ಲ, ಆನೆ, ಕುದುರೆ, ಕತ್ತೆಗಳಿಗೂ ಸಲ್ಲುತ್ತದೆ. ನಮ್ಮ ಮರಿಯ ಒಡಹುಟ್ಟು ‘ಮಱಿ’ ಅಲ್ಲಿ ಆಡು, ಕುದುರೆ, ಜಿಂಕೆಗಳ ಗುಂಪಿಗೆ ಮೀಸಲು. ಕನ್ನಡದಲ್ಲಿ ಆದದ್ದು ತಿರುಗುಮುರುಗು: ಕರು ಕುಗ್ಗಿ ಕೊಟ್ಟಿಗೆಗೆ ನಿಂತಿತು, ಮರಿ ಹಿಗ್ಗಿ ಇಡೀ ಕಾಡು, ಕೆರೆ, ಆಕಾಶ ಹಿಡಿಯಿತು. ಆದರೂ ಹಳೆಯ ವಾಸನೆ ಹೋಗಿಲ್ಲ. ಸಂತೆಯಲ್ಲಿ ಹಿಂದೆಮುಂದೆ ಏನೂ ಇಲ್ಲದೆ ‘ಮರಿ ಎಷ್ಟು?’ ಎಂದು ಕೇಳಿದರೆ ಅದು ನಾಯಿಮರಿಯಲ್ಲ, ಕುರಿಯದ್ದೋ ಮೇಕೆಯದ್ದೋ. ‘ಹಬ್ಬಕ್ಕೆ ಮರಿ ಕಡಿದರು’ ಎಂದರೂ ಅಷ್ಟೆ.

ಎರಡೂ ಪದ ಮೊದಲು ಶಕಟರೇಫದ್ದು, ಅಂದರೆ ಱ ಎಂಬ ಹಳೆಯ ಗಡಸು ರಕಾರದ್ದು: ಹಳಗನ್ನಡದಲ್ಲಿ ಕಱು, ಮಱಿ. ಆ ಅಕ್ಷರ ಬಳಕೆಯಿಂದ ಹೋದ ಮೇಲೆ ಮಾಮೂಲಿ ರ ಬಂದು ಕೂತಿತು. ಕರುಳು, ಕರುಣೆ, ಕರುಬು ಯಾವುದಕ್ಕೂ ಈ ಕರುವಿಗೂ ನಂಟಿಲ್ಲ. ‘ಕರುಳಿನ ಕುಡಿಯೇ ಕರು’ ಎಂದು ಯಾರಾದರೂ ಪಾಠ ಹೇಳಿದರೆ ನಂಬಬೇಡ. ನಿಜವಾದ ನಂಟರು ಬೇರೆ ಇದ್ದಾರೆ, ಅವರು ಇನ್ನೂ ಚೆಂದ. ‘ಕಂದು’ ಎಂಬ ಪದ ಗೊತ್ತಲ್ಲ? ಬಣ್ಣದ ಕಂದಲ್ಲ, ಬಾಳೆಯ ಕಂದು. ತಾಯಿಬಾಳೆಯ ಬುಡದಲ್ಲಿ ಏಳುವ ಮರಿಗಿಡ. ಅದಕ್ಕೆ ಎಳೆಗರು ಎಂಬ ಅರ್ಥವೂ ಇತ್ತು. ಕರು, ಕಂದು, ನಾನು ನಿನ್ನನ್ನು ಕರೆಯುವ ಕಂದ, ಮೂರೂ ಒಂದೇ ಬೇರಿನವು. ಮಲಯಾಳದಲ್ಲಿ ‘ಕನ್ನು’ ಇವತ್ತಿಗೂ ಕರುವೂ ಹೌದು, ಬಾಳೆಯ ಕಂದೂ ಹೌದು. ತುಳುವಿನಲ್ಲಿ ಕರುವಿಗೆ ‘ಕಂಜಿ’.

ಈ ಕಂದು ಕೊಟ್ಟಿಗೆಯ ಮಾತಿನಲ್ಲಿ ಇನ್ನೂ ಉಸಿರಾಡುತ್ತಿದೆ. ಹೊಸದಾಗಿ ಈದ ಹಸು ಎಳಗಂದಿ. ಈದು ಬಹಳ ತಿಂಗಳಾಗಿ, ಕರು ಬಲಿತು, ಹಾಲು ಇಳಿಮುಖವಾದದ್ದು ಬಲಗಂದಿ. ಎಳಗಂದಿಯ ಹಾಲು ಹೆಚ್ಚು, ಬಲಗಂದಿಯದ್ದು ಕಡಿಮೆ ಮತ್ತು ಗಟ್ಟಿ. ಹಸು ಕೊಳ್ಳುವಾಗ ಇದನ್ನು ಕೇಳದೆ ಬರೀ ‘ದಿನಕ್ಕೆ ಎಷ್ಟು ಲೀಟರ್’ ಎಂದು ಕೇಳಿದವರು ಮೋಸ ಹೋಗುವುದು ಇಲ್ಲೇ: ಎಳಗಂದಿಯಾಗಿದ್ದಾಗಿನ ಲೆಕ್ಕ ಹೇಳಿ ಬಲಗಂದಿಯನ್ನು ಕಟ್ಟಿ ಕಳಿಸುತ್ತಾರೆ. ದಿನ ತುಂಬುವ ಮೊದಲೇ ಗಬ್ಬ ಇಳಿದರೆ ‘ಹಸು ಕಂದು ಹಾಕಿತು’ ಎನ್ನುತ್ತಾರೆ. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆಗೆ ಕಂದು ರೋಗ ಎಂಬ ಹೆಸರು ಬಂದದ್ದು ಹಾಗೆ. ಅದರಲ್ಲಿ ಗಬ್ಬ ಇಳಿಯುವುದು ಸಾಮಾನ್ಯವಾಗಿ ಕೊನೆಯ ಮೂರು ತಿಂಗಳಲ್ಲಿ. ಲಸಿಕೆ ಹೆಣ್ಗರುಗಳಿಗೆ ಮಾತ್ರ, 4ರಿಂದ 8 ತಿಂಗಳ ನಡುವೆ, ಜೀವಮಾನಕ್ಕೆ ಒಂದೇ ಸಲ. ಮನುಷ್ಯರಿಗೂ ಅಂಟುವ ರೋಗವಾದ್ದರಿಂದ ಬಿದ್ದ ಕಂದನ್ನೂ ಮಾಸನ್ನೂ (ಕರುವಿನ ಹಿಂದೆ ಗರ್ಭದಿಂದ ಬೀಳುವ ಪೊರೆ) ಬರಿಗೈಯಲ್ಲಿ ಮುಟ್ಟಬಾರದು, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಚೀಟಿಗೆ ಇದು ಬೇಡ ಬಿಡು, ಮಾತು ಬಂತು ಅಂತ ಬರೆದೆ.

ಈಗ ನಿನ್ನ ಅಕ್ಷರದ ತೊಡಕು. ನಾಯಿಮರಿ ಎಂದು ಸೇರಿಸಿ ಬರೆದವಳು ‘ಬೆಕ್ಕುಮರಿ’, ‘ಮೊಲಮರಿ’ ಎಂದೂ ಬರೆದಿದ್ದೀಯ. ಕಿವಿಗೆ ಎಲ್ಲೋ ತಪ್ಪು ಕೇಳುತ್ತದೆ, ಯಾಕೆ ಅಂತ ತಿಳಿಯುವುದಿಲ್ಲ, ಅಲ್ಲವಾ? ಲೆಕ್ಕ ಸುಲಭ. ಪ್ರಾಣಿಯ ಹೆಸರು ಇಕಾರ ಅಥವಾ ಎಕಾರದಲ್ಲಿ ಮುಗಿದರೆ ಮರಿ ನೇರವಾಗಿ ಬಂದು ಅಂಟುತ್ತದೆ: ನಾಯಿಮರಿ, ಕುರಿಮರಿ, ಕೋಳಿಮರಿ, ಹುಲಿಮರಿ, ಇಲಿಮರಿ, ಆನೆಮರಿ, ಜಿಂಕೆಮರಿ, ಕತ್ತೆಮರಿ. ಅಕಾರ ಅಥವಾ ಉಕಾರದಲ್ಲಿ ಮುಗಿದರೆ ನಡುವೆ ವಿಭಕ್ತಿ ಬೇಕು: ಮೊಲದ ಮರಿ, ಸಿಂಹದ ಮರಿ, ತಿಮಿಂಗಿಲದ ಮರಿ, ಬೆಕ್ಕಿನ ಮರಿ, ಹಾವಿನ ಮರಿ, ಹದ್ದಿನ ಮರಿ. ಕರುವಿಗೂ ಇದೇ: ಎಮ್ಮೆಕರು, ಆದರೆ ಹಸುವಿನ ಕರು. ತಪ್ಪಿಸಿಕೊಂಡವು ಮೀನುಮರಿ, ಆಡುಮರಿಯಂಥ ಕೆಲವೇ ಕೆಲವು. ಅವಕ್ಕೂ ಮೀನಿನ ಮರಿ, ಆಡಿನ ಮರಿ ಎಂದರೆ ಯಾರೂ ತಪ್ಪು ಹಿಡಿಯುವುದಿಲ್ಲ.

ಕರುವಿಗೆ ಇನ್ನೊಂದು ಚಾಳಿ ಇದೆ. ಸಮಾಸದಲ್ಲಿ ಎರಡನೆಯದಾಗಿ ಬಂದರೆ ಅದರ ಕ ಹಲವು ಕಡೆ ಗ ಆಗುತ್ತದೆ: ಎಳೆಗರು, ಹೆಣ್ಗರು, ಹೋರಿಗರು. ಹೊಸಗನ್ನಡ, ಮುಂಗಾಲು ಆದಹಾಗೆ. ಆದರೆ ‘ದನಕರು’ ಎಂಬಲ್ಲಿ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಕರು ದನಕ್ಕೆ ಅಂಟಿಕೊಂಡಿಲ್ಲ, ಪಕ್ಕದಲ್ಲಿ ನಿಂತಿದೆ: ದನವೂ ಕರುವೂ. ಕೈಕಾಲು, ಕೆರೆಕಟ್ಟೆ ಎನ್ನುವಾಗಲೂ ಕ ಹಾಗೇ ಉಳಿಯುತ್ತದಲ್ಲ. ಇವತ್ತಿನ ಬಳಕೆಯಲ್ಲಿ ‘ಹೋರಿಕರು’, ‘ಹೆಣ್ಣು ಕರು’ ಎಂದು ಬಿಡಿಸಿ ಹೇಳುವವರೇ ಹೆಚ್ಚು. ಬೀರೂರು–ಅಜ್ಜಂಪುರದ ಕಡೆಯ ಅಮೃತಮಹಲ್ ತಳಿಯ ಹರಾಜಿನ ಸುದ್ದಿಯಲ್ಲೂ ‘ಹೋರಿ ಕರುಗಳು’ ಎಂದೇ ಅಚ್ಚಾಗುತ್ತದೆ. ಮಕ್ಕಳ ಚೀಟಿಗೆ ಬಿಡಿಸಿ ಬರೆದದ್ದೇ ವಾಸಿ.

ವಿಭಕ್ತಿ ಹಚ್ಚುವಾಗ ಅಲ್ಲಿನ ಮಕ್ಕಳು ‘ಕರಿಗೆ ಹಾಲು ಕೊಟ್ಟೆ’ ಎನ್ನುತ್ತಾರೆಂದು ನೀನು ಬರೆದಿದ್ದೆ. ಅವರ ತಪ್ಪಲ್ಲ. ಊರು–ಊರಿಗೆ, ಎತ್ತು–ಎತ್ತಿಗೆ ಎಂದು ಕಲಿತ ಬಾಯಿ ಕರು–ಕರಿಗೆ ಎಂದೇ ಹೊರಳುತ್ತದೆ. ಎರಡೇ ಅಕ್ಷರವಿದ್ದು ಎರಡೂ ಹ್ರಸ್ವವಾಗಿದ್ದರೆ, ಒತ್ತಕ್ಷರವೂ ಇಲ್ಲದಿದ್ದರೆ, ಕೊನೆಯ ಉಕಾರ ಗಟ್ಟಿಯಾಗಿ ನಿಲ್ಲುತ್ತದೆ, ನಡುವೆ ವಕಾರ ತರಿಸಿಕೊಳ್ಳುತ್ತದೆ: ಹಸುವಿಗೆ, ಕರುವಿಗೆ, ಗುರುವಿಗೆ, ನಡುವಿಗೆ. ಮೊದಲಕ್ಷರ ದೀರ್ಘವಾಗಿದ್ದರೆ, ಒತ್ತಿದ್ದರೆ, ಅಥವಾ ಮೂರಕ್ಷರವಿದ್ದರೆ ಉಕಾರ ಉದುರುತ್ತದೆ: ಹಾವಿಗೆ, ಬೆಕ್ಕಿಗೆ, ಕಡಸಿಗೆ. ಬಹುಮಟ್ಟಿಗೆ ಈ ಲೆಕ್ಕ ಕೈ ಕೊಡುವುದಿಲ್ಲ. ಮರಿಯದ್ದು ತಂಟೆಯೇ ಇಲ್ಲ: ಮರಿಗೆ, ಮರಿಯನ್ನು, ಮರಿಯ.

ಎರಡು ಪದಕ್ಕೂ ಇರುವ ನಿಜವಾದ ವ್ಯತ್ಯಾಸ ಅವು ನಿಲ್ಲುವ ಜಾಗದಲ್ಲಿ ಗೊತ್ತಾಗುತ್ತದೆ. ಮರಿ ಹೆಸರಿನ ಹಿಂದೆಯೂ ಬರುತ್ತದೆ, ಮುಂದೆಯೂ ಬರುತ್ತದೆ. ಆನೆಮರಿ ಅಂದರೆ ಆನೆಗೆ ಹುಟ್ಟಿದ್ದು. ಮರಿಯಾನೆ ಅಂದರೆ ಇನ್ನೂ ಎಳೆಯ, ಸಣ್ಣ ಆನೆ. ಹಾಗೆ ಮುಂದೆ ಬಂದಾಗ ಅದಕ್ಕೆ ಪ್ರಾಣಿಯೇ ಬೇಕೆಂದಿಲ್ಲ. ಮರಿಗೌಡ, ಮರಿಸ್ವಾಮಿ, ಮಠದಲ್ಲಿ ಪಟ್ಟಕ್ಕೆ ಕಾದಿರುವ ಮರಿ, ಊರಿಗೊಬ್ಬ ಮರಿ ಪುಢಾರಿ. ಈ ಕೊನೆಯದರಲ್ಲಿ ಮುದ್ದಿಲ್ಲ, ಕುಟುಕು ಇದೆ. ಕಬ್ಬಿನ ಬುಡದಲ್ಲಿ ಹೊಸ ಕವಲು ಏಳುವುದಕ್ಕೂ ರೈತರು ‘ಮರಿ ಹೊಡೆಯಿತು’ ಎನ್ನುತ್ತಾರೆ. ಕರು ಮಾತ್ರ ಹೆಸರಿನ ಮುಂದೆ ಬಂದು ಯಾವುದನ್ನೂ ಸಣ್ಣದು ಮಾಡುವುದಿಲ್ಲ. ‘ಕರುಹಸು’ ಎಂಬುದಿಲ್ಲ. ಮಗುವನ್ನು ‘ಬಾ ಮರಿ’ ಎಂದು ಕರೆಯುತ್ತೇವೆ, ‘ಬಾ ಕರು’ ಎಂದು ಕರೆಯುವುದಿಲ್ಲ. ಬಹಳವೆಂದರೆ ‘ಬಿಟ್ಟ ಕರುವಿನ ಹಾಗೆ ಓಡಿದಳು’ ಎನ್ನುತ್ತೇವೆ. ಮರಿ ಎಂಬುದು ಎಳೆತನಕ್ಕೆ ಹೆಸರು, ಕರು ಎಂಬುದು ಒಂದು ಜೀವಕ್ಕೆ ಹೆಸರು. ಅದು ಕೊಟ್ಟಿಗೆಯ ಒಂದು ಗೂಟಕ್ಕೆ ಕಟ್ಟಿರುವಂಥದ್ದು.

ಆ ಜೀವ ಬೆಳೆದಹಾಗೆ ಹೆಸರೂ ಬದಲಾಗುತ್ತದೆ, ಬೇರೆ ಯಾವ ಪ್ರಾಣಿಗೂ ಕನ್ನಡದಲ್ಲಿ ಇಷ್ಟು ಮೆಟ್ಟಿಲಿಲ್ಲ. ನಿನ್ನ ಒಂದು ಚೀಟಿಯಲ್ಲಿ ಕೊಂಬು ಮೂಡಿದ, ತಾಯಿಯ ಮುಕ್ಕಾಲು ಎತ್ತರದ ದನವನ್ನು ಬರೆದು ‘ಕರು’ ಎಂದಿದ್ದೀಯ. ಅದು ಕರುವಲ್ಲ, ಕಡಸು. ಸರ್ಕಾರದ ಜಾನುವಾರು ಗಣತಿಯಲ್ಲೂ ಒಂದು ವರ್ಷದೊಳಗಿನವನ್ನು ಬೇರೆ ಎಣಿಸುತ್ತಾರೆ. ಅದಾದ ಮೇಲಿನ ಹೆಣ್ಣು, ಮೊದಲ ಸಲ ಈಯುವವರೆಗೆ, ಕಡಸು. ಮಲೆನಾಡಿನಲ್ಲೂ ಉತ್ತರದ ಕಡೆಯೂ ಮಣಕ. ಕೆಲವು ಕಡೆ, ಅದರಲ್ಲೂ ಎಮ್ಮೆಗೆ, ಪಡ್ಡೆ. ‘ಪಡ್ಡೆ ಹುಡುಗರು’ ಎನ್ನುವಾಗಲೂ ಅದೇ ಪಡ್ಡೆ: ಮೈ ಬಂದಿದೆ, ಹೊಣೆ ಬಂದಿಲ್ಲ. ಮಿಶ್ರತಳಿಯ ಕಡಸು 12–18 ತಿಂಗಳಿಗೆ ಬೆದೆಗೆ ಬರುತ್ತದೆ, ಆದರೆ ವಯಸ್ಸಿಗಿಂತ ತೂಕ ಮುಖ್ಯ. 250 ಕಿಲೋ ಹತ್ತಿರ ಬರುವ ಮೊದಲೇ ಗಬ್ಬ ಕಟ್ಟಿಸಿದರೆ ಈಯುವಾಗ ಕರು ಸಿಕ್ಕಿಕೊಳ್ಳುತ್ತದೆ, ತಾಯಿಯ ಮೈಯೂ ಅಲ್ಲಿಗೇ ನಿಲ್ಲುತ್ತದೆ. ಗಬ್ಬ ನಿಂತರೆ ಗಬ್ಬದ ಕಡಸು. ಈದರೆ ಹಸು, ಮೊದಲ ಸೂಲಿನದು. ಆ ಮೊದಲ ಕರು ಚೊಚ್ಚಲು.

ಈಯದೇ ಉಳಿಯುವ ಕಡಸೂ ಇದೆ. ಅವಳಿ ಹುಟ್ಟಿ, ಒಂದು ಹೋರಿಗರು ಇನ್ನೊಂದು ಹೆಣ್ಗರು ಆದರೆ, 100ರಲ್ಲಿ 90ಕ್ಕೂ ಹೆಚ್ಚು ಸಲ ಆ ಹೆಣ್ಣು ಬಂಜೆ. ಗರ್ಭದಲ್ಲಿ ಎರಡರ ಮಾಸಿನ ರಕ್ತನಾಳಗಳು ಕೂಡಿಕೊಂಡು ಗಂಡಿನ ಹಾರ್ಮೋನು ಹೆಣ್ಣಿಗೂ ಹರಿದು, ಅದರ ಗರ್ಭಕೋಶ ಸರಿಯಾಗಿ ಬೆಳೆಯುವುದಿಲ್ಲ. ಹೊರಗಿನಿಂದ ಸಾಮಾನ್ಯವಾಗಿ ಗೊತ್ತಾಗದು. ಎರಡು ವರ್ಷ ಮೇವು ಹಾಕಿ, ಬೆದೆಗೆ ಕಾದು ಕಾದು, ಕೊನೆಗೆ ವೈದ್ಯರು ಕೈಹಾಕಿ ನೋಡಿದಾಗ ತಿಳಿಯುತ್ತದೆ. ಹೆಸರಿಗೆ ಕಡಸಾಯಿತು, ಹಸುವಾಗಲಿಲ್ಲ. ಮಾರುವವನು ‘ಒಳ್ಳೆ ಕಡಸು’ ಎಂದರೆ ಒಂಟಿಯೋ ಅವಳಿಯೋ ಎಂದು ಕೇಳುವುದು ಇದಕ್ಕೇ.

ಗಂಡಿನ ದಾರಿ ಬೇರೆ. ಹೋರಿಗರು ಬೆಳೆದು ಹೋರಿ, ಬೀಜ ಒಡೆಸಿ ನೊಗಕ್ಕೆ ಪಳಗಿಸಿದರೆ ಎತ್ತು, ತಳಿಗೆ ಬಿಟ್ಟರೆ ಬೀಜದ ಹೋರಿ ಇಲ್ಲವೇ ಗೂಳಿ. ಹಾವೇರಿ, ಶಿವಮೊಗ್ಗದ ಕಡೆ ದೀಪಾವಳಿಯಾದ ಮೇಲೆ ಹೋರಿ ಬೆದರಿಸುತ್ತಾರಲ್ಲ, ಅಲ್ಲಿ ಹೋರಿ ಎಂದರೆ ಎಳೆಯದೇನಲ್ಲ, ಕೊಬ್ಬರಿ ಹಾರ ಕಟ್ಟಿಕೊಂಡು ಜನರನ್ನು ಸೀಳಿ ಓಡುವ ಪೂರಾ ಬೆಳೆದ ಪ್ರಾಣಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಜೋಡಿಯ ವಯಸ್ಸನ್ನು ವರ್ಷದಲ್ಲಿ ಹೇಳುವುದಿಲ್ಲ, ಹಲ್ಲಿನಲ್ಲಿ ಹೇಳುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ್ದು. ಕೆಳದವಡೆಯ ಎಂಟು ಮುಂಬಲ್ಲುಗಳಲ್ಲಿ ನಡುವಿನ ಜೋಡಿ ಮೊದಲು ಬಿದ್ದು ಅಗಲವಾದ ಹೊಸ ಹಲ್ಲು ಬರುವುದು ನಾಟಿ ದನಕ್ಕೆ ಸುಮಾರು ಎರಡೂವರೆ–ಮೂರು ವರ್ಷಕ್ಕೆ. ಉಳಿದ ಜೋಡಿಗಳು ಒಂದೊಂದಾಗಿ ಬಂದು ಐದರ ಸುಮಾರಿಗೆ ಬಾಯಿಗೂಡುತ್ತದೆ. ಮೇಲ್ದವಡೆಯಲ್ಲಿ ದನಕ್ಕೆ ಮುಂಬಲ್ಲೇ ಇಲ್ಲ, ಬರೀ ಗಟ್ಟಿ ಒಸಡು. ನಿನ್ನ ನಗುವ ಹಸುವಿನ ಚಿತ್ರದಲ್ಲಿ ಮೇಲಿನ ಸಾಲು ಬರೆದಿದ್ದೀಯ, ಅಳಿಸು.

ಎಳೆಗರು ಎಂದರೆ ಎಷ್ಟು ಎಳೆಯದು ಎಂದು ನೀನು ಕೇಳಿದ್ದೆ. ಅದಕ್ಕೆ ದಿನದ ಲೆಕ್ಕವಿಲ್ಲ, ನೋಡಿ ಹೇಳುವುದು. ಈಗತಾನೇ ಬಿದ್ದ ಕರುವಿನ ಕಾಲನ್ನು ಎತ್ತಿ ಗೊರಸು ನೋಡಿದರೆ ಅದರ ತುದಿಗೆ ಹಳದಿ ಬೆರೆತ ಬಿಳಿಯ ಮೆತ್ತನೆ ಎಸಳುಗಳು ಅಂಟಿಕೊಂಡಿರುತ್ತವೆ, ಬೆಂದ ಅಣಬೆಯ ಹಾಗೆ. ಒಳಗೆ ಒದೆಯುವಾಗ ತಾಯಿಯ ಗರ್ಭಕೋಶ ಹರಿಯದಿರಲಿ ಅಂತ ಇರುವ ಮುಸುಕು ಅದು. ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿದ ಕೂಡಲೇ ಸವೆಯಲು ಶುರು, ಒಂದೆರಡು ದಿನದಲ್ಲಿ ಇರುವುದಿಲ್ಲ. ಹೊಕ್ಕುಳಬಳ್ಳಿ ಮೊದಲ ದಿನ ಒದ್ದೆ, ಎರಡು ಮೂರು ದಿನಕ್ಕೆ ಒಣಗಿ ಕಪ್ಪಾಗಿ ದಾರದ ಹಾಗೆ ನೇತಾಡುತ್ತದೆ, ಒಂದೆರಡು ವಾರಕ್ಕೆ ಉದುರುತ್ತದೆ. ಎಂಟೂ ಹಾಲುಹಲ್ಲು ಕಾಣಿಸಿದರೆ ತಿಂಗಳಾಯಿತು ಅಂತ ಲೆಕ್ಕ. ಬಳ್ಳಿ ಉದುರುವವರೆಗಂತೂ ಅದು ಎಳೆಗರುವೇ. ಆ ಬಳ್ಳಿಯನ್ನು ಹೊಟ್ಟೆಯಿಂದ ಎರಡು ಮೂರು ಇಂಚು ಬಿಟ್ಟು ದಾರ ಕಟ್ಟಿ, ಕೆಳಗೆ ಕತ್ತರಿಸಿ, ತುದಿಯನ್ನು ಅಯೋಡಿನ್‌ನಲ್ಲಿ ಅದ್ದಬೇಕು. ಬಿಟ್ಟರೆ ಸಗಣಿಯ ಸೋಂಕು ಅಲ್ಲಿಂದಲೇ ಹತ್ತಿ ಕೀಲುಗಳು ಬಾತು ಕರು ಕುಂಟುತ್ತದೆ.

ಗಿಣ್ಣು ಎಂಬ ಪದವೂ ಚೀಟಿಯಲ್ಲಿದೆ, ‘ಒಂದು ಸಿಹಿತಿಂಡಿ’ ಎಂದು ಅರ್ಥ ಬರೆದಿದ್ದೀಯ. ಅಯ್ಯೋ! ಗಿಣ್ಣು ಈದ ಹಸುವಿನ ಮೊದಲ ಹಾಲು: ಹಳದಿ, ಅಂಟಂಟು, ಕಾಯಿಸಿದರೆ ತಾನಾಗಿ ಗಟ್ಟಿಯಾಗುವಂಥದ್ದು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಸಿಹಿಗೆ ಆ ಹೆಸರು ಆಮೇಲೆ ಬಂತು. ಮನುಷ್ಯರಲ್ಲಿ ರೋಗನಿರೋಧಕಗಳು ಗರ್ಭದಲ್ಲೇ ಮಗುವಿಗೆ ದಾಟುತ್ತವೆ, ದನದಲ್ಲಿ ದಾಟುವುದಿಲ್ಲ. ಕರು ಬರಿಗೈಲಿ ಹುಟ್ಟುತ್ತದೆ, ಗಿಣ್ಣಿನಿಂದಲೇ ಪಡೆಯಬೇಕು. ಅದನ್ನು ಹಾಗೇ ಹೀರಿಕೊಳ್ಳುವ ಶಕ್ತಿ ಕರುಳಿಗೆ ಮೊದಲ ಕೆಲವು ಗಂಟೆ ಚೆನ್ನಾಗಿರುತ್ತದೆ, 24 ಗಂಟೆಗೆ ಮುಚ್ಚಿಹೋಗುತ್ತದೆ. ಆದ್ದರಿಂದ ಹುಟ್ಟಿದ ಗಂಟೆಯೊಳಗೆ ಮೊದಲ ಸಲ, ದಿನವಿಡೀ ಸೇರಿ ಮೈತೂಕದ ಹತ್ತನೇ ಒಂದು ಪಾಲು: 25 ಕಿಲೋ ಕರುವಿಗೆ ಎರಡೂವರೆ ಲೀಟರ್. ‘ಮಾಸು ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು’ ಎಂಬ ಹಳೆಯ ನಂಬಿಕೆ ಇನ್ನೂ ಇದೆ, ಎಷ್ಟೋ ಕರು ಸಾಯುವುದು ಅದರಿಂದ. ಕರು ಉಣ್ಣುವುದರಿಂದಲೇ ಗರ್ಭಕೋಶ ಕುಗ್ಗಿ ಮಾಸು ಬೇಗ ಬೀಳುತ್ತದೆ. ಅದು ಕುಡಿದು ಉಳಿದದ್ದು ನಮ್ಮ ಸಿಹಿಗೆ.

ಕ್ರಿಯಾಪದಗಳ ಹಾಳೆಯಲ್ಲಿ ‘ಹಸು ಕರುವಿಗೆ ಜನ್ಮ ನೀಡಿತು’ ಎಂದಿದೆ. ಸುದ್ದಿವಾಹಿನಿಯ ಕನ್ನಡ ಅದು. ಹಸು ಈಯುತ್ತದೆ: ಈಯಿತು, ಈದ ಹಸು, ಈಯುವ ದಿನ. ಇಲ್ಲವೇ ಕರು ಹಾಕುತ್ತದೆ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ’ ಎಂಬ ಗಾದೆಯನ್ನು ಮಕ್ಕಳಿಗೆ ಹೇಳು, ಪದ ಮರೆಯುವುದಿಲ್ಲ. ಕುರಿ, ಮೇಕೆಯೂ ಈಯುತ್ತವೆ. ನಾಯಿ, ಬೆಕ್ಕು ಮರಿ ಹಾಕುತ್ತವೆ. ಕೋಳಿ ಮೊಟ್ಟೆಯಿಟ್ಟು, 21 ದಿನ ಕಾವು ಕೂತು, ಮರಿ ಮಾಡುತ್ತದೆ. ಹಾವುಗಳಲ್ಲಿ ನಾಗರ ಮೊಟ್ಟೆ ಇಡುತ್ತದೆ, ಕೊಳಕುಮಂಡಲ ನೇರವಾಗಿ ಮರಿ ಹಾಕುತ್ತದೆ. ಹೆರುವುದು, ಹಡೆಯುವುದು ಮನುಷ್ಯರದ್ದು. ಬಸುರಿ ಮನುಷ್ಯರಿಗೆ, ಗಬ್ಬ ದನಕ್ಕೆ. ಇದನ್ನು ಅದಲುಬದಲು ಮಾಡಿದರೆ ಜಗಳವಾಗುತ್ತದೆ. ಹಸು 9 ತಿಂಗಳು 9 ದಿನ ಹೊರುತ್ತದೆ, ಎಮ್ಮೆ 10 ತಿಂಗಳು ದಾಟಿಸುತ್ತದೆ, ಕುರಿ ಮೇಕೆ 5 ತಿಂಗಳು, ಆನೆ 22.

ಕಪ್ಪೆಗೆ ಬರೋಣ. ಕಪ್ಪೆಯ ಬಾಲದ ಮರಿಗೆ ಗೊದಮೊಟ್ಟೆ ಎಂಬ ಸ್ವಂತ ಹೆಸರಿದೆ. ಕಾಲು ಮೂಡಿ ಬಾಲ ಹೋಗಿ ನೀರಿನಿಂದ ಹೊರಗೆ ಬಂದ ಮೇಲೆ ಅದು ಕಪ್ಪೆಮರಿ. ಹಾಗಾಗಿ ಒಂದು ಚೀಟಿ ಎರಡಾಗಬೇಕು. ಹೀಗೆ ಮರಿ ಎಂಬ ಮಾತನ್ನು ತಪ್ಪಿಸಿಕೊಂಡು ಬೇರೆ ಹೆಸರಿಟ್ಟುಕೊಂಡವು ಕೆಲವೇ. ಹಳೇ ಮೈಸೂರಿನ ಕಡೆ ಕೋಳಿಮರಿಗೆ ಪಿಳ್ಳೆ ಎನ್ನುತ್ತಾರೆ. ರೇಷ್ಮೆಹುಳು ಮೊಟ್ಟೆಯೊಡೆದು ಎರಡನೇ ಜ್ವರ ಕಳೆಯುವವರೆಗೆ ಚಾಕಿ. ಜ್ವರ ಅಂದರೆ ಕಾಯಿಲೆಯಲ್ಲ, ಸೊಪ್ಪು ಬಿಟ್ಟು ಪೊರೆ ಕಳಚಲು ಕೂರುವುದು. ತಲೆಯ ಹೇನಿಗಂತೂ ಎರಡು ಮೆಟ್ಟಿಲು: ಕೂದಲಿಗೆ ಅಂಟಿದ ಬಿಳಿಮೊಟ್ಟೆ ಸೀರು, ಅದರಿಂದ ಹೊರಟ ಸಣ್ಣದು ಕೂರೆ, ಬೆಳೆದರೆ ಹೇನು. ಹುಲಿಗೂ ಸಿಂಹಕ್ಕೂ ಇಲ್ಲದ ಮರ್ಯಾದೆ ಹೇನಿಗೆ! ಬೆರಳು ದಿನಾ ಯಾವುದನ್ನು ಹುಡುಕುತ್ತದೋ ಅದಕ್ಕೆ ನಾಲಿಗೆ ಹೆಸರು ಹುಡುಕುತ್ತದೆ ಅಂತ ಕಾಣುತ್ತದೆ. ಇದನ್ನು ತರಗತಿಯಲ್ಲಿ ಹೇಳುವುದೋ ಬೇಡವೋ ನೀನೇ ನೋಡು.

‘ಹಸುಗೂಸು’ ಎಂಬ ಪದವನ್ನು ನೀನು ಕರುವಿನ ಚೀಟಿಯ ಹಿಂದೆ ಬರೆದಿದ್ದೀಯ. ಅಲ್ಲಿ ಹಸು ಎಂದರೆ ಹಾಲು ಕೊಡುವ ಹಸುವಲ್ಲ; ಹಸಿ, ಹಸಿರು ಎನ್ನುವಾಗ ಇರುವ ಎಳೆತನ. ಹಸುಳೆಯೂ ಅಲ್ಲಿನದೇ. ಆ ಜಾಗಕ್ಕೆ ಬೇಕಿದ್ದರೆ ‘ವಾತ್ಸಲ್ಯ’ ಹಾಕು. ಸಂಸ್ಕೃತದಲ್ಲಿ ವತ್ಸ ಎಂದರೆ ಕರು. ಹಸುವಿಗೆ ಕರುವಿನ ಮೇಲೆ ಇರುವುದು ವಾತ್ಸಲ್ಯ, ಮನುಷ್ಯರು ಅದನ್ನು ಆಮೇಲೆ ಎರವಲು ತಂದುಕೊಂಡದ್ದು. ದೊಡ್ಡ ಮಕ್ಕಳಿಗೆ ‘ತೊರೆ ಬಿಡುವುದು’ ಎಂಬ ಮಾತನ್ನೂ ಕಲಿಸಬಹುದು, ಕೆಲವು ಕಡೆ ಸೊರೆ ಎನ್ನುತ್ತಾರೆ. ಕರು ಮೊಲೆಗೆ ಬಾಯಿ ಹಾಕಿ ಕೆಚ್ಚಲಿಗೆ ನಾಲ್ಕು ಸಲ ಗುದ್ದಿದರೆ ಒಂದು ನಿಮಿಷದೊಳಗೆ ಹಾಲಿಳಿಯುತ್ತದೆ. ಆ ಇಳಿತ ಇರುವುದು ಐದಾರು ನಿಮಿಷ, ಅಷ್ಟರಲ್ಲಿ ಕರೆದು ಮುಗಿಸಬೇಕು. ಹಸು ಬೆದರಿದರೆ ಹಾಲನ್ನು ಮೇಲೆಳೆದುಕೊಳ್ಳುತ್ತದೆ, ಎಷ್ಟು ಎಳೆದರೂ ಬರದು.

ಕೊನೆಗೆ ನಿನ್ನ ಹೊದಿಕೆಯ ಚಿತ್ರ. ಕರು ಹಾಲು ಕುಡಿಯುತ್ತಿದೆ, ಹಸುವೂ ಕರುವೂ ಒಂದೇ ದಿಕ್ಕಿಗೆ ಮುಖ ಮಾಡಿವೆ. ತಿರುಗಿಸಿ ಬರೆ. ತನ್ನ ಕರು ಪಕ್ಕದಿಂದ ಬಂದು, ಬಾಲವನ್ನು ತಾಯಿಯ ಮುಖದ ಕಡೆ ಮಾಡಿ ನಿಲ್ಲುತ್ತದೆ. ಹಸು ಕತ್ತು ಹೊರಳಿಸಿ ಬಾಲದ ಬುಡ ಮೂಸುತ್ತದೆ, ನೆಕ್ಕುತ್ತದೆ, ತನ್ನದೇ ಎಂದು ಗೊತ್ತಾದರೆ ಸುಮ್ಮನಿರುತ್ತದೆ. ಹಿಂಗಾಲುಗಳ ಸಂದಿಯಿಂದ ತಲೆ ತೂರಿಸಿ ಕುಡಿಯುವುದು ಹೆಚ್ಚಾಗಿ ಕದಿಯಲು ಬಂದ ಬೇರೆ ಹಸುವಿನ ಕರು. ಅದನ್ನೂ ಒಂದು ಚಿತ್ರ ಬರೆದು ಕಳಿಸು, ಮಕ್ಕಳು ನಗಲಿ.

ಅಮ್ಮ